ನರ ಬೆಳೆಯುವ ತನಕ ಕೈ ಕಾಯುವುದು: ಬ್ರೇಕಿಯಲ್ ಪ್ಲೆಕ್ಸಸ್ ಪೆಟ್ಟಿನ ನನ್ನ ಅನುಭವ

ಬೈಕಿನಿಂದ ಬಿದ್ದಾಗ ಭುಜ ಕೆಳಕ್ಕೆ, ತಲೆ ಆಚೆ ಬದಿಗೆ ಒಮ್ಮೆಗೇ ಸೆಳೆದರೆ ಕತ್ತಿನಿಂದ ತೋಳಿಗೆ ಇಳಿಯುವ ನರಗಳ ಗುಚ್ಛ ಹಿಗ್ಗುತ್ತದೆ, ಹರಿಯುತ್ತದೆ, ಇಲ್ಲವೇ ಬೆನ್ನುಹುರಿಯಿಂದಲೇ ಕಿತ್ತು ಬರುತ್ತದೆ. ಅಡಿಕೆ ಮರದಿಂದ ಜಾರುವಾಗ ಒಂದೇ ಕೈಯಲ್ಲಿ ಜೋತುಬಿದ್ದವರಿಗೂ ಹೀಗಾಗುತ್ತದೆ. ಅವರಿಗೆ ಹೆಚ್ಚಾಗಿ ಪೆಟ್ಟು ಬೀಳುವುದು ಗುಚ್ಛದ ಕೆಳಭಾಗಕ್ಕೆ, ಅಂದರೆ ಬೆರಳಾಡಿಸುವ ನರಗಳಿಗೆ. ಈ ಗುಚ್ಛವೇ ಬ್ರೇಕಿಯಲ್ ಪ್ಲೆಕ್ಸಸ್. ಅದಕ್ಕೆ ಐದು ಬೇರು: ಸಿ5, ಸಿ6, ಸಿ7, ಸಿ8, ಟಿ1 (ಸಿ ಎಂದರೆ ಕತ್ತಿನ ಭಾಗದ್ದು, ಟಿ ಎಂದರೆ ಎದೆಯ ಭಾಗದ್ದು). ಸ್ಥೂಲವಾಗಿ ಹೇಳುವುದಾದರೆ ಸಿ5 ಭುಜ ಎತ್ತುತ್ತದೆ, ಸಿ6 ಮೊಣಕೈ ಮಡಚುತ್ತದೆ, ಸಿ7 ಮೊಣಕೈ ಚಾಚುತ್ತದೆ, ಸಿ8 ಬೆರಳು ಮಡಚುತ್ತದೆ, ಟಿ1 ಅಂಗೈಯೊಳಗಿನ ಸಣ್ಣ ಸ್ನಾಯುಗಳನ್ನು ನಡೆಸುತ್ತದೆ. ಯಾವ ಬೇರಿಗೆ ಏನಾಗಿದೆ ಎಂಬುದನ್ನು ವೈದ್ಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಎಲ್ಲ ನಿರ್ಧಾರಕ್ಕೂ ಅದೇ ಆಧಾರ.

ಪೆಟ್ಟು ಬಿದ್ದ ಬದಿಯ ಕಣ್ಣಿನ ರೆಪ್ಪೆ ಜೋತು, ಪಾಪೆ ಚಿಕ್ಕದಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಟಿ1 ಬೇರು ಹುರಿಯಿಂದ ಕಿತ್ತಿರಬಹುದು ಎಂಬುದಕ್ಕೆ ಅದು ಗುರುತು. ಕಿತ್ತ ಬೇರು ತಾನಾಗಿ ಕೂಡುವುದಿಲ್ಲ. ಬರೀ ಹಿಗ್ಗಿದ ನರವಾದರೆ ಕೆಲವು ವಾರ, ತಿಂಗಳುಗಳಲ್ಲಿ ಚೇತರಿಸಿಕೊಳ್ಳಬಹುದು. ಈ ಎರಡನ್ನೂ ಬೇರ್ಪಡಿಸಲು ಎಂಆರ್‌ಐ ಮತ್ತು ನರ-ಸ್ನಾಯುಗಳ ವಿದ್ಯುತ್ ಪರೀಕ್ಷೆ ಬೇಕು. ವಿದ್ಯುತ್ ಪರೀಕ್ಷೆಯನ್ನು ಪೆಟ್ಟಾದ 3-4 ವಾರದ ನಂತರ ಮಾಡಿಸಬೇಕು. ಅದಕ್ಕೂ ಮೊದಲು ಮಾಡಿಸಿದರೆ ಹರಿದ ನರದ ತುದಿ ಇನ್ನೂ ಪೂರ್ತಿ ಕ್ಷಯಿಸಿರದ ಕಾರಣ ಫಲಿತಾಂಶ ದಾರಿ ತಪ್ಪಿಸುತ್ತದೆ.

ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಕತ್ತಿನಿಂದ ತೋಳಿನ ಮುಂಭಾಗದ ಸ್ನಾಯುವಿಗೆ 25-30 ಸೆಂಟಿಮೀಟರ್ ಎಂದರೂ ಹತ್ತು ತಿಂಗಳು. ಅಂಗೈಗೆ 70 ಸೆಂಟಿಮೀಟರ್ ಎಂದರೆ ಎರಡು ವರ್ಷ. ಆದರೆ ನರವಿಲ್ಲದ ಸ್ನಾಯು ಅಷ್ಟು ಕಾಯುವುದಿಲ್ಲ. 12ರಿಂದ 18 ತಿಂಗಳಲ್ಲಿ ನರವನ್ನು ಸ್ವೀಕರಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿಯೇ ಚೇತರಿಕೆಯ ಲಕ್ಷಣ ಕಾಣದಿದ್ದರೆ ಶಸ್ತ್ರಚಿಕಿತ್ಸೆಗೆ 3ರಿಂದ 6 ತಿಂಗಳೇ ಒಳ್ಳೆಯ ಕಾಲ. ಒಂದು ವರ್ಷ ದಾಟಿದ ಮೇಲೆ ನರ ಜೋಡಿಸುವುದರಿಂದ ಲಾಭ ಕಡಿಮೆ. ಆಮೇಲೆ ತೊಡೆಯ ಸ್ನಾಯು ತಂದು ಕೂರಿಸುವುದು, ಸ್ನಾಯುರಜ್ಜು ಬದಲಿಸುವುದು, ಭುಜದ ಕೀಲನ್ನು ಬೆಸೆಯುವುದು ಇಂಥ ದಾರಿಗಳು ಉಳಿಯುತ್ತವೆ. ಮೂಳೆ ಕಟ್ಟುವವರ ಹತ್ತಿರ ಎಣ್ಣೆ ಹಚ್ಚಿ ದಬ್ಬೆ ಕಟ್ಟಿಸಿಕೊಂಡು ಮೂರು ತಿಂಗಳು ಕಾಯುವುದು ನಮ್ಮ ಕಡೆ ಸಾಮಾನ್ಯ. ನರದ ಪೆಟ್ಟಿಗೆ ಆ ಮೂರು ತಿಂಗಳೇ ಅತ್ಯಂತ ಬೆಲೆಬಾಳುವ ಕಾಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತೋರಿಸಿದ ಮೇಲೆ ಮಣಿಪಾಲ, ಬೆಂಗಳೂರು ಅಥವಾ ಕೊಯಮತ್ತೂರಿನ ಗಂಗಾ ಆಸ್ಪತ್ರೆಯಂಥ ಕಡೆ ಈ ನರಗಳ ಶಸ್ತ್ರಚಿಕಿತ್ಸಕರನ್ನು ಎರಡನೇ ತಿಂಗಳೊಳಗೇ ಕಾಣುವುದು ಒಳ್ಳೆಯದು. ಆಪರೇಷನ್ ಬೇಕೋ ಬೇಡವೋ ಆಮೇಲಿನ ಮಾತು.

ಇಷ್ಟೂ ವೈದ್ಯರ ಪಾಲು. ನಮ್ಮ ಪಾಲಿನದು ಕೀಲು ಮತ್ತು ಚರ್ಮ. ನರ ಬಂದಾಗ ಕೀಲು ಮರಗಟ್ಟಿದ್ದರೆ ಬಂದ ನರ ಆಡಿಸುವುದಾದರೂ ಏನನ್ನು? ದಿನಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ಕಾಲು ಗಂಟೆ, ಒಳ್ಳೆಯ ಕೈಯಿಂದ ಪೆಟ್ಟಾದ ಕೈಯನ್ನು ಆಡಿಸಲೇಬೇಕು.

ನಾನು ಮಾಡುವ ಕ್ರಮ ಇದು. ಚಾಪೆಯ ಮೇಲೆ ಅಂಗಾತ ಮಲಗಿ, ಒಳ್ಳೆಯ ಕೈಯಿಂದ ಮೊಣಕೈ ಕೆಳಗೆ ಹಿಡಿದು ತೋಳನ್ನು ನಿಧಾನವಾಗಿ ತಲೆಯ ಕಡೆಗೆ ಎತ್ತುವುದು. ಎಳೆಯಬಾರದು, ಸ್ನಾಯುವಿಲ್ಲದ ಭುಜ ಗೂಡಿನಿಂದ ಜಾರುತ್ತದೆ. ಆಮೇಲೆ ಮೊಣಕೈಯನ್ನು ಪಕ್ಕೆಗೆ ಒತ್ತಿ, ಅದರಡಿ ಮಡಚಿದ ಟವೆಲ್ ಇಟ್ಟು, ಮುಂಗೈಯನ್ನು ಹೊರಬದಿಗೆ ತಿರುಗಿಸುವುದು. ಭುಜದ ಚಲನೆಗಳಲ್ಲಿ ಮೊದಲು ಹೋಗುವುದು ಇದೇ, ಏಕೆಂದರೆ ಕೈ ತೂಗುಹಾಕುವ ಜೋಳಿಗೆಯಲ್ಲಿ (ಸ್ಲಿಂಗ್) ಕೈ ಸದಾ ಒಳಕ್ಕೆ ತಿರುಗಿರುತ್ತದೆ. ಸಮಯ ಕಡಿಮೆ ಇದ್ದ ದಿನ ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ನಂತರ ಮೊಣಕೈ ಪೂರ್ತಿ ಚಾಚಿ, ಪೂರ್ತಿ ಮಡಚುವುದು. ಅಂಗೈಯನ್ನು ಮೇಲ್ಮುಖ ಮಾಡುವಾಗ ಮಣಿಕಟ್ಟಿಗಿಂತ ಮೇಲೆ, ಮುಂಗೈಯನ್ನು ಹಿಡಿಯಬೇಕು. ಅಂಗೈ ಹಿಡಿದು ತಿರುಚಿದರೆ ಮಣಿಕಟ್ಟು ತಿರುಚುತ್ತದೆಯೇ ಹೊರತು ಮುಂಗೈ ತಿರುಗುವುದಿಲ್ಲ. ಕೊನೆಗೆ ಬೆರಳುಗಳು. ಬೆರಳು ನೆಟ್ಟಗಿಟ್ಟು ಬುಡದ ಗೆಣ್ಣನ್ನು ಮಾತ್ರ 90 ಡಿಗ್ರಿ ಮಡಚುವುದು, ಆಮೇಲೆ ಪೂರ್ತಿ ಮುಷ್ಟಿ, ಆಮೇಲೆ ಹೆಬ್ಬೆರಳನ್ನು ಅಗಲಕ್ಕೆ ತೆರೆಯುವುದು. ಪ್ರತಿಯೊಂದೂ ಹತ್ತು ಸಲ, ತುದಿಯಲ್ಲಿ ಹತ್ತು-ಹದಿನೈದು ಸೆಕೆಂಡು ಹಿಡಿದು. ಬೆರಳ ಬುಡದ ಗೆಣ್ಣು ನೆಟ್ಟಗೇ ಬಿಗಿದುಕೊಂಡರೆ ಮತ್ತೆ ಮಡಚಿಸುವುದು ಬಹಳ ಕಷ್ಟ. ರಾತ್ರಿಗೆ ಫಿಸಿಯೋಥೆರಪಿಯವರಿಂದ ಸ್ಪ್ಲಿಂಟ್ (ಕೈಗೆ ಕಟ್ಟುವ ಗಟ್ಟಿ ಆಸರೆ) ಮಾಡಿಸುವಾಗ ಮಣಿಕಟ್ಟು 20-30 ಡಿಗ್ರಿ ಹಿಂದಕ್ಕೆ, ಬುಡದ ಗೆಣ್ಣು ಸುಮಾರು 70 ಡಿಗ್ರಿ ಮಡಚಿ, ಬೆರಳು ನೆಟ್ಟಗೆ ಇರುವಂತೆ ಕೇಳಿ. ಆಪರೇಷನ್ ಆದ ಮೊದಲ ಕೆಲವು ವಾರ ಮಾತ್ರ ಸರ್ಜನ್ ಹೇಳುವ ತನಕ ಭುಜ ಎತ್ತುವುದನ್ನು ನಿಲ್ಲಿಸಬೇಕು. ಹೊಸ ಹೊಲಿಗೆ ಬಿಡಬಾರದು.

ನರ ಬದಲಿಸಿದ, ಅಂದರೆ ಕೆಲಸ ಮಾಡುತ್ತಿರುವ ಬೇರೊಂದು ನರವನ್ನು ತಂದು ಜೋಡಿಸಿದ ಆಪರೇಷನ್ ಆದರೆ ಕೈಯನ್ನು ಹೊಸದಾಗಿ ಕಲಿಸಬೇಕು. ಪಕ್ಕೆಲುಬಿನ ನರವನ್ನು ಮೊಣಕೈ ಮಡಚುವ ಸ್ನಾಯುವಿಗೆ ಜೋಡಿಸಿದ್ದರೆ ಉಸಿರು ಆಳವಾಗಿ ಎಳೆದಾಗ ಸ್ನಾಯು ಮೊದಲು ಮಿಡಿಯುತ್ತದೆ. ಬೆರಳಾಡಿಸುವ ಅಲ್ನಾರ್ ನರದ ಎಳೆ ಬಳಸಿದ್ದರೆ ಮುಷ್ಟಿ ಬಿಗಿದಾಗ, ಕತ್ತಿನ ಆಕ್ಸೆಸರಿ ನರ ಬಳಸಿದ್ದರೆ ಭುಜ ಕುಣಿಸಿದಾಗ. ಆ ಮಿಡಿತವನ್ನು ಇನ್ನೊಂದು ಕೈಯ ಬೆರಳಿನಿಂದ ಮುಟ್ಟಿ ಹುಡುಕಬೇಕು, ಕಣ್ಣಿಗೆ ಕಾಣುವುದು ಬಹಳ ಆಮೇಲೆ. ನರದ ದಾರಿಯಲ್ಲಿ ಮೆಲ್ಲಗೆ ತಟ್ಟಿದರೆ ಜುಂ ಎನ್ನುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಗಿಳಿಯುತ್ತಿದ್ದರೆ ನರ ಬೆಳೆಯುತ್ತಿದೆ ಎಂದರ್ಥ. ಕಾಲರ್ ಮೂಳೆಯಿಂದ ಆ ಜಾಗದ ಅಳತೆಯನ್ನು ತಿಂಗಳಿಗೊಮ್ಮೆ ಬರೆದಿಡಿ.

ಜೋಳಿಗೆಯ ವಿಷಯ. ಕತ್ತಿಗೆ ಗಂಟು ಹಾಕಿದ ಬಟ್ಟೆಯ ಜೋಳಿಗೆ ಮುಂಗೈಯನ್ನಷ್ಟೇ ಹೊರುತ್ತದೆ, ಭುಜ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಬೇಕಾದದ್ದು ಮೊಣಕೈಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಹಿಡಿಯುವ, ಭಾರ ಎದುರು ಭುಜದ ಮೇಲೆ ಬೀಳುವ ಪಟ್ಟಿ. ಕನ್ನಡಿ ಮುಂದೆ ನಿಂತು ಭುಜದ ತುದಿಯ ಕೆಳಗೆ ಬೆರಳಿಡಿ. ಗುಳಿ ಒಂದು ಬೆರಳಿಗಿಂತ ಆಳವಿದ್ದರೆ ಪಟ್ಟಿ ಬಿಗಿಯಾಗಬೇಕು. ನಡೆಯುವಾಗ, ಬಸ್ಸಿನಲ್ಲಿ ಜೋಳಿಗೆ ಬೇಕೇ ಬೇಕು. ಕುಳಿತಾಗ ತೆಗೆದು ತೋಳನ್ನು ದಿಂಬಿನ ಮೇಲೆ ಚಾಚಿಡಿ. ಮಲಗುವಾಗ ಮೊಣಕೈಯಿಂದ ಬೆರಳ ತನಕ ದಿಂಬು ಕೊಟ್ಟು, ಅಂಗೈ ಎದೆಗಿಂತ ಎತ್ತರ ಇರಲಿ, ಬಾವು ಇಳಿಯುತ್ತದೆ.

ಚರ್ಮದ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕು, ಏಕೆಂದರೆ ಮಲೆನಾಡಿನ ಮನೆಗಳಲ್ಲಿ ಸ್ಪರ್ಶವಿಲ್ಲದ ಕೈಗೆ ಅಪಾಯ ಹೆಚ್ಚು. ಬಚ್ಚಲ ಹಂಡೆಯ ನೀರನ್ನು ಯಾವಾಗಲೂ ಒಳ್ಳೆಯ ಕೈಯಿಂದಲೇ ಮುಟ್ಟಿ ನೋಡಿ ಬೆರೆಸಬೇಕು. ಮಳೆಗಾಲದಲ್ಲಿ ಒಲೆ ಮುಂದೆ ಕೂತು ಚಳಿ ಕಾಯಿಸುವಾಗ ಪೆಟ್ಟಾದ ಕೈ ಬೆಂಕಿಯ ಕಡೆ ಇರಬಾರದು. ಅದು ಸದಾ ತಣ್ಣಗೆ, ಕೆಲವೊಮ್ಮೆ ನೀಲಿಯಾಗಿರುವುದರಿಂದ ಕಾಯಿಸುವ ಆಸೆ ಸಹಜ. ಬದಲಿಗೆ ಉಣ್ಣೆಯ ಕೈಗವಸು, ಅದರ ಮೇಲೆ ಕಂಬಳಿ. ಶಾಖದ ಚೀಲ, ಬಿಸಿ ಉಪ್ಪಿನ ಗಂಟು ಬೇಡವೇ ಬೇಡ. ಅಡಿಕೆ ಬೇಯಿಸುವ ಹಂಡೆಯ ಹತ್ತಿರ, ಬೈಕಿನ ಸೈಲೆನ್ಸರ್ ಹತ್ತಿರ ಕೈ ಜೋಳಿಗೆಯೊಳಗೇ ಇರಲಿ. ಒಲೆಯ ಮೇಲೆ ಒಣಗಿಸಿದ ಜೋಳಿಗೆಯ ಲೋಹದ ಬಕಲ್ ಕೂಡ ಸುಡುತ್ತದೆ, ಮುಟ್ಟಿ ನೋಡಿ ಹಾಕಿಕೊಳ್ಳಿ.

ಸಂಜೆ ದೀಪದ ಬೆಳಕಿನಲ್ಲಿ ಕೈಯ ಎಲ್ಲ ಕಡೆ ನೋಡುವುದು ದಿನಚರಿಯಾಗಬೇಕು: ಬೆರಳ ಸಂದು, ಉಗುರ ಬುಡ, ಮೊಣಕೈ ಹಿಂಭಾಗ, ಕಂಕುಳು. ಇಂಬಳ ಕಚ್ಚಿ ರಕ್ತ ಸೋರುತ್ತಿದ್ದರೂ ಗೊತ್ತಾಗಿರುವುದಿಲ್ಲ. ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಬಳಿ. ಉಣುಗಿನ ಕಾಲದಲ್ಲಿ, ಅಂದರೆ ಚಳಿಗಾಲದಿಂದ ಮಳೆ ಬರುವ ತನಕ, ಕಾಡಂಚಿನವರು ಈ ತಪಾಸಣೆಯನ್ನು ಇನ್ನೂ ಎಚ್ಚರದಿಂದ ಮಾಡಬೇಕು. ಇಲ್ಲಿ ಮರೆಯುವಂಥದ್ದೊಂದಿದೆ: ಒಂದೇ ಕೈ ಇರುವವರಿಗೆ ಕೈಗೆಟುಕದ ಜಾಗ ಒಳ್ಳೆಯ ಬದಿಯದೇ. ಆ ತೋಳು, ಆ ಕಂಕುಳು, ಆ ಬದಿಯ ಬೆನ್ನನ್ನು ಮನೆಯವರೇ ನೋಡಬೇಕು.

ನರವಿಲ್ಲದ ಚರ್ಮ ಬೆವರುವುದಿಲ್ಲ, ಒಣಗಿ ಬಿರಿಯುತ್ತದೆ. ಸ್ನಾನದ ನಂತರ ಕೊಬ್ಬರಿ ಎಣ್ಣೆಯನ್ನು ಬೆರಳ ತುದಿಯಿಂದ ಮೊಣಕೈ ಕಡೆಗೆ ನೀವಿದರೆ ಬಾವಿಗೂ ಒಳ್ಳೆಯದು. ಆದರೆ ಕಂಕುಳು ಮತ್ತು ಬೆರಳ ಸಂದಿಗೆ ಎಣ್ಣೆ ಬೇಡ. ತೋಳು ಪಕ್ಕೆಗೆ ಅಂಟಿಕೊಂಡೇ ಇರುವುದರಿಂದ ಆಷಾಢದ ಥಂಡಿಯಲ್ಲಿ ಅಲ್ಲಿ ಶಿಲೀಂಧ್ರ ಹಿಡಿಯುತ್ತದೆ. ಸೊಂಟದಿಂದ ಮುಂದಕ್ಕೆ ಬಾಗಿದರೆ ತೋಳು ತಾನಾಗಿ ಮೈಯಿಂದ ದೂರ ಜೋತುಬೀಳುತ್ತದೆ. ಹಾಗೆಯೇ ನಿಂತು ಕಂಕುಳು ತೊಳೆದು, ಒರೆಸಿ, ಹತ್ತಿಬಟ್ಟೆಯ ಮಡಿಕೆ ಇಡಿ. ಬಟ್ಟೆ ಒಣಗದ ತಿಂಗಳುಗಳಿಗೆ ಜೋಳಿಗೆ ಮೂರಾದರೂ ಬೇಕು.

ಕೊಡೆ ಹಿಡಿದರೆ ಇರುವ ಒಂದು ಕೈಯೂ ಹೋಯಿತು. ಸಂಕ, ಅಂದರೆ ಹಳ್ಳದ ಮೇಲಿನ ಕಾಲುಸೇತುವೆ, ದಾಟುವಾಗ, ಪಾಚಿಗಟ್ಟಿದ ದರೆ ಇಳಿಯುವಾಗ ಆ ಕೈ ಖಾಲಿ ಇರಬೇಕು. ಜೋಳಿಗೆಯ ಮೇಲೇ ಬೀಳುವ ಅಗಲದ ರೈನ್‌ಕೋಟು ಒಳ್ಳೆಯದು. ಕಂಬಳಿ ಕೊಪ್ಪೆಯೂ ಆದೀತು, ಆದರೆ ನೆನೆದಾಗ ಅದರ ಭಾರ ಪೆಟ್ಟಾದ ಭುಜದ ಮೇಲೆ ಬೀಳುತ್ತದೆ. ಸಂಕಕ್ಕೆ ಒಂದೇ ಬದಿ ಕೈಹಿಡಿ ಇದ್ದರೆ ಇನ್ನೊಂದು ಬದಿಗೂ ಕಟ್ಟಿಸಿ. ಹೋಗುವಾಗ ಬಲಕ್ಕೆ ಸಿಕ್ಕ ಹಿಡಿ ಬರುವಾಗ ಎಡಕ್ಕಿರುತ್ತದೆ.

ನೋವು. ಬೇರು ಕಿತ್ತವರಿಗೆ ಸ್ಪರ್ಶವಿಲ್ಲದ ಕೈಯೇ ಉರಿಯುತ್ತದೆ, ಹಿಂಡುತ್ತದೆ, ನಡುನಡುವೆ ಕರೆಂಟ್ ಹೊಡೆದಂತೆ ಎಳೆಯುತ್ತದೆ. ಇದು ಮನಸ್ಸಿನ ಭ್ರಮೆಯಲ್ಲ; ಬೇರು ಕಳೆದುಕೊಂಡ ಬೆನ್ನುಹುರಿಯ ಕೋಶಗಳೇ ಅಡ್ಡಾದಿಡ್ಡಿ ಸಂಕೇತ ಕಳಿಸುತ್ತವೆ. ಪ್ಯಾರಾಸಿಟಮಾಲ್‌ನಂಥ ಮಾತ್ರೆ ಇದಕ್ಕೆ ಹೆಚ್ಚು ತಾಗುವುದಿಲ್ಲ. ವೈದ್ಯರು ಕೊಡುವುದು ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಬಗೆಯವು. ಸಣ್ಣ ಪ್ರಮಾಣದಲ್ಲಿ ಶುರುಮಾಡಿ ವಾರಗಟ್ಟಲೆ ಏರಿಸಬೇಕಾದ್ದರಿಂದ ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲ ಎಂದು ಬಿಡಬೇಡಿ. ಒಮ್ಮೆಗೇ ನಿಲ್ಲಿಸುವುದಂತೂ ಅಪಾಯ. ತೂಕಡಿಕೆ ತರುತ್ತವೆ, ಮದ್ಯದ ಜೊತೆ ಸೇರಬಾರದು. ಮಳೆಗಾಲಕ್ಕೆ ಮಾತ್ರೆ ಹೆಚ್ಚುವರಿ ತಂದಿಡಿ, ರಸ್ತೆ ಕಡಿದರೆ ಅಂಗಡಿ ಸಿಗುವುದಿಲ್ಲ. ಔಷಧಕ್ಕೆ ಬಗ್ಗದ ನೋವಿಗೆ ಬೆನ್ನುಹುರಿಯ ಬೇರು ಸೇರುವ ಜಾಗದಲ್ಲಿ ಮಾಡುವ ಡ್ರೆಜ್ ಎಂಬ ಆಪರೇಷನ್ ಇದೆ. ನೋವಿನೊಂದಿಗೆ ಮನಸ್ಸೂ ಕುಸಿಯುತ್ತದೆ. ಟೆಲಿ-ಮನಸ್ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ದಿನದ ಕೆಲಸಗಳಲ್ಲಿ ಅಂಗಿಯ ನಿಯಮ ಒಂದೇ: ಹಾಕುವಾಗ ಪೆಟ್ಟಾದ ಕೈ ಮೊದಲು, ತೆಗೆಯುವಾಗ ಕೊನೆಗೆ. ಪಂಚೆಗಿಂತ ಎಲಾಸ್ಟಿಕ್ ಪ್ಯಾಂಟು ವಾಸಿ. ತರಕಾರಿಗೆ ಮೆಟ್ಟುಗತ್ತಿ ಒಳ್ಳೆಯ ಸಾಧನ, ಹಿಡಿಯುವ ಕೆಲಸ ಕಾಲಿನದು. ಜಾರುವ ಈರುಳ್ಳಿ, ಆಲೂಗಡ್ಡೆಗೆ ಮಾತ್ರ ಹಲಗೆಗೆ ಅಡಿಯಿಂದ ಎರಡು ಸ್ಟೀಲ್ ಮೊಳೆ ಹೊಡೆಸಿ, ಅದಕ್ಕೆ ಚುಚ್ಚಿ ಚಾಕುವಿನಿಂದ ಹೆಚ್ಚಿ. ಪಾತ್ರೆಯಡಿ ಒದ್ದೆ ಬಟ್ಟೆ ಇಟ್ಟರೆ ಕಲಸುವಾಗ ತಿರುಗುವುದಿಲ್ಲ. ಒಳ್ಳೆಯ ಕೈಯ ಉಗುರು ತೆಗೆಯಲು ನೇಲ್ ಕಟ್ಟರನ್ನು ಹಲಗೆಗೆ ಬಿಗಿದು ಹಿಡಿಯನ್ನು ಕಾಲಿನಿಂದ ಒತ್ತಬಹುದು. ಬಲಗೈ ಹೋದವರಿಗೆ ಊಟವೂ ಶೌಚವೂ ಎಡಗೈಯದೇ; ಶೌಚಾಲಯಕ್ಕೆ ನೀರಿನ ಜೆಟ್, ಹೊರಗೆ ಪಂಪ್ ಒತ್ತುವ ಸೋಪು ಇಟ್ಟುಕೊಳ್ಳಿ, ಪಂಕ್ತಿಯಲ್ಲಿ ಚಮಚ ಕೇಳಲು ಸಂಕೋಚ ಬೇಡ. ಅಡಿಕೆ ಸುಲಿಯುವುದು ಒಂದು ಕೈಗೆ ಆಗದು, ಆರಿಸುವುದು ಆಗುತ್ತದೆ. ಒಳ್ಳೆಯ ಕೈಗೆ ಎಲ್ಲ ಭಾರವೂ ಬೀಳುವುದರಿಂದ ಅದರ ಭುಜ, ಮಣಿಕಟ್ಟು ಬೇಗ ಸವೆಯುತ್ತವೆ: ಕೊಡ ತುಂಬ ಹೊರುವ ಬದಲು ಅರ್ಧ ಅರ್ಧ ಎರಡು ಸಲ ಹೊರಿ.

ಕಾಗದಪತ್ರ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿ ಇದು ಚಲನ ಅಂಗವೈಕಲ್ಯ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಸಹಾಯ ಮಾಡುತ್ತಾರೆ. ಚೇತರಿಕೆ ಇನ್ನೂ ಸಾಧ್ಯವಿದ್ದರೆ ತಾತ್ಕಾಲಿಕ ಪ್ರಮಾಣಪತ್ರ ಸಿಗುತ್ತದೆ, ಅದರ ಅವಧಿ ಮುಗಿಯುವ ಮೊದಲೇ ಮರುತಪಾಸಣೆಗೆ ಹೋಗಿ. ವಾಹನ ಅಪಘಾತವಾದರೆ ಪರಿಹಾರದ ಅರ್ಜಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಆರು ತಿಂಗಳ ಗಡುವು ಹಾಕಿದೆ; ಎಫ್‌ಐಆರ್, ಗಾಯದ ಪ್ರಮಾಣಪತ್ರ, ವಿದ್ಯುತ್ ಪರೀಕ್ಷೆಯ ವರದಿಯೊಂದಿಗೆ ಬೇಗ ವಕೀಲರನ್ನು ಕಾಣಿ. ದೇಹದ ಊನದ ಪ್ರಮಾಣ ಬೇರೆ, ದುಡಿಮೆಯ ನಷ್ಟದ ಪ್ರಮಾಣ ಬೇರೆ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಕೊನೆಗೌಡರಾಗಿ ಮರ ಹತ್ತುತ್ತಿದ್ದವರು, ಡ್ರೈವರ್ ಆಗಿದ್ದವರು ಆ ಕೆಲಸ ಮಾಡುತ್ತಿದ್ದದ್ದಕ್ಕೆ ಕೂಲಿ ಚೀಟಿ, ಲೈಸೆನ್ಸ್, ತೋಟದ ಮಾಲೀಕರ ಪತ್ರ, ಯಾವುದಿದ್ದರೂ ಜೋಪಾನ ಮಾಡಿ ಅರ್ಜಿಯ ಜೊತೆಗೇ ಕೊಡಬೇಕು.