ಗುದ್ದಲಿ ಪೂಜೆಗೆ ಮುಂಚಿನ ಹದಿನಾಲ್ಕು ತಿಂಗಳು

ಧಾರವಾಡದಾಚೆ, ಪುಣೆ–ಬೆಂಗಳೂರು ಹೆದ್ದಾರಿಗೆ ಹತ್ತಿರದ ಕೈಗಾರಿಕಾ ಪ್ರದೇಶದಲ್ಲಿ ನಮಗೆ ಒಂದು ಎಕರೆ ನಿವೇಶನ ಸಿಕ್ಕಿದ್ದು 2017ರ ಆಗಸ್ಟಿನಲ್ಲಿ. ಗುದ್ದಲಿ ಪೂಜೆ ನಡೆದದ್ದು 2018ರ ಅಕ್ಟೋಬರಿನಲ್ಲಿ, ದಸರೆ ಕಳೆದ ಮೇಲೆ. ನಡುವಿನ ಹದಿನಾಲ್ಕು ತಿಂಗಳು ಆ ಜಾಗದಲ್ಲಿ ಬೇಲಿ ಮತ್ತು ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಬೀಗರು, ಬ್ಯಾಂಕಿನವರು, ಪಕ್ಕದ ನಿವೇಶನದವರು ಎಲ್ಲರದೂ ಒಂದೇ ಪ್ರಶ್ನೆ: "ಇನ್ನೂ ಯಾಕೆ ಶುರು ಮಾಡಿಲ್ಲ?" ಮಂಜೂರಾತಿ ಪತ್ರದಲ್ಲಿ ಯೋಜನೆ ಮುಗಿಸಲು ಗಡುವು ಇತ್ತು, ಹಾಗಾಗಿ ಆ ಪ್ರಶ್ನೆ ನನ್ನನ್ನೂ ಕಾಡುತ್ತಿತ್ತು. ಆದರೂ ಈ ಕಾರ್ಖಾನೆ ನಿಜವಾಗಿ ರೂಪುಗೊಂಡದ್ದು ಆ ಹದಿನಾಲ್ಕು ತಿಂಗಳಲ್ಲೇ. ಕಟ್ಟಿದ ಏಳು ತಿಂಗಳ ಬಗ್ಗೆ ಹೇಳುವಂಥದ್ದು ಕಡಿಮೆ.

ಅದಕ್ಕೆ ಮೊದಲು ನಾವು ಹದಿನಾರು ವರ್ಷ ಹುಬ್ಬಳ್ಳಿಯ ಗೋಕುಲ ರಸ್ತೆಯ ಬಾಡಿಗೆ ಶೆಡ್ಡಿನಲ್ಲಿ ವಾಲ್ವ್‌ಗಳ ಬಿಡಿಭಾಗಗಳನ್ನು ಕಡೆದು ಕೊಡುತ್ತಿದ್ದೆವು. ಗೋದಾಮಿಗೆಂದು ಕಟ್ಟಿಸಿದ ಶೆಡ್ ಅದು. ಯಂತ್ರಗಳು ಎಲ್ಲಿ ಹಿಡಿಸಿದವೋ ಅಲ್ಲಿ ಕೂತಿದ್ದವು. ವಾಲ್ವಿನ ಒಂದು ಎರಕದ ಬಾಡಿ, ಅಂದರೆ ಅದರ ಹೊರಕವಚ, ಬಾಗಿಲು ದಾಟಿ ಒಳಗೆ ಬಂದಾಗಿನಿಂದ ತಪಾಸಣೆ ಮುಗಿಸಿ ಲಾರಿ ಹತ್ತುವವರೆಗೆ ಎಷ್ಟು ದೂರ ತಿರುಗಾಡುತ್ತದೆ ಎಂದು ಒಂದು ದಿನ ಫೋರ್‌ಮನ್ನರೂ ನಾನೂ ಟೇಪು ಹಿಡಿದು ಅಳೆದೆವು. 340 ಮೀಟರ್ ಆಯಿತು. ಶೆಡ್ಡಿನ ಉದ್ದವೇ 36 ಮೀಟರ್. ದಿನಕ್ಕೆ ಹತ್ತಾರು ಬಾರಿ, ಭಾರದ ತಳ್ಳುಗಾಡಿಯಲ್ಲಿ, ಹದಿನಾರು ವರ್ಷ ಹುಡುಗರು ಅಷ್ಟು ದೂರ ತಳ್ಳಿದ್ದಾರೆ ಎಂಬುದು ಅಂದು ನನಗೆ ನೋವು ಕೊಟ್ಟಿತು. ಹೊಸ ಜಾಗದಲ್ಲಿ ಮೊದಲು ಯಂತ್ರಗಳು, ಆಮೇಲೆ ಗೋಡೆ ಎಂದು ನಿರ್ಧರಿಸಿದ್ದು ಆ ಸಂಜೆ.

ವಾಸ್ತುಶಿಲ್ಪಿಗಳು ತಂದ ಮೊದಲ ನಕ್ಷೆ ನೋಡಲು ಅಂದವಾಗಿತ್ತು. ನಿವೇಶನದ ನಟ್ಟನಡುವೆ ಶೆಡ್, ಮುಂದೆ ಕಚೇರಿ, ಸುತ್ತ ಹುಲ್ಲುಹಾಸು. ಅದನ್ನು ಮಡಚಿಟ್ಟು ರಟ್ಟು ತಂದೆವು. ಪ್ರತಿ ಯಂತ್ರದ ಆಕಾರವನ್ನು 1:50ರ ಅಳತೆಯಲ್ಲಿ ಕತ್ತರಿಸಿದೆವು. ಯಂತ್ರದ ಮೈ ಮಾತ್ರವಲ್ಲ. ಅದರ ಬಾಗಿಲು ತೆರೆದಾಗ ಬೇಕಾದ ಜಾಗ, ಕಡೆದ ಲೋಹದ ಚೂರು ಹೊರಹಾಕುವ ಪಟ್ಟಿ, ಆಪರೇಟರ್ ನಿಲ್ಲುವ ಸ್ಥಳ, ಹಿಂಬದಿಯಿಂದ ಮೋಟಾರು ಬಿಚ್ಚಲು ಬೇಕಾದ ಅಂತರ ಎಲ್ಲವನ್ನೂ ಸೇರಿಸಿ. ಎರಡು ತಿಂಗಳು ಆ ರಟ್ಟುಗಳು ನನ್ನ ಮೇಜಿನ ಮೇಲೆ ಜರುಗುತ್ತಲೇ ಇದ್ದವು. 2018ರ ಜನವರಿಯಲ್ಲಿ ನಿವೇಶನದಲ್ಲೇ ಸುಣ್ಣದ ಪುಡಿಯಿಂದ ಪೂರ್ತಿ ಅಳತೆಯ ಗೆರೆ ಎಳೆದು, ಭಾನುವಾರ ಎಲ್ಲ ಕೆಲಸಗಾರರನ್ನೂ ಕರೆದುಕೊಂಡು ಹೋದೆ. ಇಲ್ಲಿ ಲೋಹ ಕಡೆಯುವ ಲೇತ್, ಇಲ್ಲಿ ಡ್ರಿಲ್ಲಿಂಗ್, ಇಲ್ಲಿ ತಪಾಸಣೆ ಎಂದು ನಡೆದಾಡಿದೆವು.

ತಪಾಸಣೆ ವಿಭಾಗದ ಹಿರಿಯ ಹೆಣ್ಣುಮಗಳೊಬ್ಬರು ಗೆರೆಗಳ ನಡುವೆ ನಿಂತು ಕೇಳಿದರು: "ಸರ್, ಎರಡನೇ ಪಾಳಿಯಲ್ಲಿ ನಾವು ಶೌಚಾಲಯಕ್ಕೆ ಅಷ್ಟು ಹಿಂದಿನ ಮೂಲೆಗೆ ಹೋಗಬೇಕೇ?" ನಕ್ಷೆಯಲ್ಲಿ ಶೌಚಾಲಯಗಳು ಕಂಪ್ರೆಸರ್ ಕೋಣೆಯ ಆಚೆ, ಕಾಂಪೌಂಡಿನ ಪಕ್ಕದಲ್ಲಿದ್ದವು. ಇಷ್ಟು ದಿನ ಆ ಹಾಳೆ ನೋಡಿದ್ದ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಅಂದೇ ಅವು ತಪಾಸಣೆ ವಿಭಾಗದ ಪಕ್ಕಕ್ಕೆ ಬಂದವು. ಕಟ್ಟಿದ ಮೇಲೆ ಬದಲಿಸುವುದಾದರೆ ಗೋಡೆ, ಕೊಳವೆ, ಚರಂಡಿ ಎಲ್ಲ ಒಡೆಯಬೇಕಿತ್ತು. ಆ ದಿನ ತಗುಲಿದ್ದು ಒಂದು ಬೊಗಸೆ ಸುಣ್ಣ.

ಇನ್ನು ಮಣ್ಣಿನ ಮಾತು. ಧಾರವಾಡದ ಸೀಮೆ ಮಲೆನಾಡಿನ ಸೆರಗು. ಪಶ್ಚಿಮಕ್ಕೆ ಕೆಮ್ಮಣ್ಣು, ಪೂರ್ವಕ್ಕೆ ಹೋದಂತೆ ಎರೆ. ನಮ್ಮ ಒಂದೇ ಎಕರೆಯಲ್ಲಿ ಎರಡೂ ಇದ್ದವು. ಮೇಲ್ನೋಟಕ್ಕೆ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಬಡಾವಣೆ ಸಮತಟ್ಟು ಮಾಡುವಾಗ ಎಲ್ಲದರ ಮೇಲೂ ಕೆಂಪು ಗರಸು ಹರಡಿದ್ದರು. ಫೆಬ್ರವರಿಯಲ್ಲಿ ಮೂರು ಕಡೆ ಬೋರ್ ಕೊರೆಸಿ ಮಣ್ಣು ಪರೀಕ್ಷೆ ಮಾಡಿಸಿದೆವು. ಪಶ್ಚಿಮದ ಅಂಚಿನಲ್ಲಿ ಅರ್ಧ ಮೀಟರಿಗೇ ಗಟ್ಟಿ ಗರಸು ಸಿಕ್ಕಿತು. ಪೂರ್ವದ ಮೂಲೆಯಲ್ಲಿ 2.6 ಮೀಟರ್ ಆಳದವರೆಗೂ ಎರೆಮಣ್ಣು. ಪ್ರಯೋಗಾಲಯದಲ್ಲಿ ನನಗೆ ಎರಡು ಗಾಜಿನ ಜಾಡಿ ತೋರಿಸಿದರು: ಒಂದರಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ನೀರು, ಎರಡರಲ್ಲೂ ಅದೇ ಎರೆಯ ಹತ್ತು ಹತ್ತು ಗ್ರಾಂ ಒಣ ಪುಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 12 ಮಿಲಿಲೀಟರ್ ಇತ್ತು. ನೀರಿನಲ್ಲಿ 20 ಮುಟ್ಟಿತ್ತು. ಈ ಹೆಚ್ಚಳ ಶೇಕಡಾ 50 ದಾಟಿದರೆ ತೊಂದರೆ ಕೊಡುವಷ್ಟು ಉಬ್ಬುವ ಮಣ್ಣು ಎಂದು ಎಣಿಸುತ್ತಾರೆ. ನಮ್ಮದು 66ರ ಮೇಲಿತ್ತು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ನೆಲದ ಮೇಲೆ ನಿಂತ ಲೇತ್‌ನಲ್ಲಿ ಮಿಲಿಮೀಟರಿನ ನೂರನೇ ಭಾಗದ ನಿಖರತೆ ಹೇಗೆ ಉಳಿದೀತು? ಕಾಲಂಗಳಿಗಿಂತ ನನಗೆ ನೆಲಹಾಸಿನದೇ ಚಿಂತೆಯಾಯಿತು. ಕಾಲಂ ಆಳಕ್ಕೆ ಹೋಗಿ ಗರಸನ್ನು ಹಿಡಿದುಕೊಳ್ಳುತ್ತದೆ, ನೆಲ ಮೇಲೆಯೇ ಇರುತ್ತದೆ.

ಶೆಡ್ ನಡುವಿನಿಂದ ಪಶ್ಚಿಮಕ್ಕೆ ಸರಿದದ್ದು ಹೀಗೆ. 18 ಮೀಟರ್ ಅಗಲ, ಆರು ಮೀಟರಿನ ಎಂಟು ಅಂಕಣ (ಒಂದು ಸಾಲು ಕಂಬದಿಂದ ಮುಂದಿನ ಸಾಲಿನವರೆಗಿನ ಭಾಗ), ಒಟ್ಟು 48 ಮೀಟರ್ ಉದ್ದ. ಒಳಗೆ ಎರೆ ಸಿಕ್ಕ ಕಡೆ ಒಂದು ಮೀಟರ್ ತೆಗೆದು, ಗರಸನ್ನು ಅಂಗೈ ಉದ್ದದಷ್ಟು ದಪ್ಪದ ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ನೀರು ಹಾಯಿಸಿ ರೋಲರ್ ಹೊಡೆದು, ಸಾಂದ್ರತೆ ಪರೀಕ್ಷಿಸಿ ಮುಂದೆ ಹೋಗುವುದೆಂದು ಆಗಲೇ ಬರೆದಿಟ್ಟೆವು. ಎರೆ ಆಳವಾಗಿದ್ದ ಪೂರ್ವದ ಭಾಗ ಟ್ರೇಲರ್ ತಿರುಗಲು, ಚರಂಡಿಗೆ, ಗಿಡಗಳಿಗೆ ಉಳಿಯಿತು. ಗಿಡಗಳನ್ನು ಶೆಡ್ಡಿನ ಗೋಡೆಯಿಂದ ದೂರ ಇಟ್ಟೆವು. ಎರೆಯಲ್ಲಿ ಬೇರು ತೇವ ಹೀರಿದರೆ ಮಣ್ಣು ಕುಗ್ಗಿ ಪಾಯವನ್ನು ಎಳೆಯುತ್ತದೆ.

ಮೂರು ಬೋರ್‌ಗಳೂ ಹೇಳದ ಒಂದು ವಿಷಯ ಪಕ್ಕದ ಹೊಲದ ಅಜ್ಜ ಹೇಳಿದರು. "ಸಾಹೇಬರೇ, ಮಳೆಯಲ್ಲಿ ಒಮ್ಮೆ ಬಂದು ನಿಂತು ನೋಡಿರಿ. ಇಲ್ಲಿ ನಮ್ಮ ಹಳ್ಳ ಹರಿಯುತ್ತಿತ್ತು." ಆರಿದ್ರಾ ಮಳೆಯ ಒಂದು ಮಧ್ಯಾಹ್ನ ಕೊಡೆ ಹಿಡಿದು ಹೋದೆ. ನೀರು ತನ್ನ ಹಳೆಯ ದಾರಿಯನ್ನು ಮರೆತಿರಲಿಲ್ಲ. ಪೂರ್ವದ ಬೇಲಿಯ ಗುಂಟ ಮೊಣಕಾಲಿನವರೆಗೆ ಹರಿಯುತ್ತಿತ್ತು. ನೆಲದ ಮಟ್ಟವನ್ನು ಮುಂದಿನ ರಸ್ತೆಯ ನಡುಭಾಗಕ್ಕಿಂತ 600 ಮಿಲಿಮೀಟರ್ ಮೇಲೆ ಇಟ್ಟದ್ದು, ಪೂರ್ವದ ಚರಂಡಿಯನ್ನು ಮೊದಲಿನ ಅಂದಾಜಿಗಿಂತ ಎರಡು ಪಟ್ಟು ಅಗಲ ಮಾಡಿದ್ದು ಅದನ್ನು ಕಂಡ ಮೇಲೆ. 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಆ ಮಳೆ ಬಂದಾಗ ನಮ್ಮ ಯಂತ್ರಗಳು ಹೊಸ ಜಾಗಕ್ಕೆ ಬಂದು ಎರಡು ತಿಂಗಳಾಗಿತ್ತು. ಚರಂಡಿ ತುಂಬಿ ಹರಿಯಿತು, ಒಳಗೆ ಹನಿ ನೀರು ಬರಲಿಲ್ಲ. ಮರುದಿನ ಅಜ್ಜನ ಮನೆಗೆ ಹೋಗಿ ಬಂದೆ.

ಶೆಡ್ಡಿನ ಎತ್ತರದ ಬಗ್ಗೆ ಎಲ್ಲರಿಗೂ ಹೇಳುತ್ತೇನೆ: ಕೊಟೇಶನ್ ಕೊಡುವವರು ಹೇಳಿದ ಎತ್ತರವನ್ನು ಒಪ್ಪಬೇಡಿ, ಛಾವಣಿಯಡಿ ಹಳಿಯ ಮೇಲೆ ಓಡುವ ಕ್ರೇನಿನ ಕೊಕ್ಕೆಯಿಂದ ಲೆಕ್ಕ ಹಾಕಿ. ನಮಗೆ ಬಂದ ಮೂರೂ ಕೊಟೇಶನ್‌ಗಳಲ್ಲಿ ಸೂರಂಚಿನ ಎತ್ತರ ಆರೂವರೆ ಮೀಟರ್ ಇತ್ತು. ನಮ್ಮ ಅತಿ ಎತ್ತರದ ಯಂತ್ರ, ಲಂಬ (ವರ್ಟಿಕಲ್) ಲೇತ್, 3.4 ಮೀಟರ್. ಅದರ ಮೇಲಿಂದ ದಾಟಿಸಬೇಕಾದ ಎರಕ 1 ಮೀಟರ್, ಸರಪಳಿ 1.2, ಸುರಕ್ಷಿತ ಅಂತರ 0.4. ಕೊಕ್ಕೆಯೇ 6 ಮೀಟರಿನಲ್ಲಿ ಇರಬೇಕು. ಅದರ ಮೇಲೆ ಭಾರ ಎತ್ತುವ ಹಾಯಿಸ್ಟ್ ಮತ್ತು ಕ್ರೇನಿನ ತೊಲೆ 1.5, ಅಂತರ 0.3, ಛಾವಣಿಯ ತೊಲೆಯ ದಪ್ಪ 0.6. ಸೂರಂಚು ಎಂಟೂವರೆಗೆ ಹೋಯಿತು. ಉಕ್ಕಿನ ತೂಕ ಹೆಚ್ಚಿತು, ಹಣವೂ ಹೆಚ್ಚಿತು. ಆದರೆ ಕ್ರೇನ್ ಬಂದ ಮೇಲೆ ಛಾವಣಿಯನ್ನು ಎತ್ತಲು ಯಾರಿಂದ ಸಾಧ್ಯ? ಆಗ ನಾವು ಕೊಂಡದ್ದು 5 ಟನ್ ಕ್ರೇನ್. ಕಾಲಂ ಮತ್ತು ಪಾಯವನ್ನು ಮಾತ್ರ 10 ಟನ್ನಿಗೆ ವಿನ್ಯಾಸ ಮಾಡಿಸಿದೆವು.

ಅನುಮತಿಗಳ ವಿಷಯದಲ್ಲಿ ಒಂದನ್ನೇ ಬಿಡಿಸಿ ಹೇಳುತ್ತೇನೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ, ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕಟ್ಟಡ ನಕ್ಷೆ, ಕಾರ್ಖಾನೆಗಳ ಇಲಾಖೆಯ ನಕ್ಷೆ ಮಂಜೂರಾತಿ ಇವೆಲ್ಲ ಕ್ರಮವಾಗಿ ಆಗುತ್ತವೆ, ಕಾಗದ ಸರಿಯಾಗಿದ್ದರೆ. ತಿರುವು ಬಂದದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿಯ ಅರ್ಜಿ ತುಂಬುವಾಗ. ನಕ್ಷೆಯ ಒಂದು ಮೂಲೆಯಲ್ಲಿ ನಾನು ಸಣ್ಣ ಫಾಸ್ಫೇಟಿಂಗ್ ತೊಟ್ಟಿ, ಅಂದರೆ ಲೋಹಕ್ಕೆ ತುಕ್ಕು ತಡೆಯುವ ಫಾಸ್ಫೇಟ್ ಲೇಪ ಕೊಡುವ ತೊಟ್ಟಿ, ಬರೆದಿದ್ದೆ. ಹೊರಗೆ ಕಳಿಸುವ ಖರ್ಚು ಉಳಿಯಲಿ ಎಂದು. ಬರೀ ಕಡೆಯುವ ಕೆಲಸವಾದರೆ ನಮ್ಮ ಘಟಕ ಆಗ ಮಾಲಿನ್ಯ ಕಡಿಮೆ ಇರುವ ಹಸಿರು ವರ್ಗಕ್ಕೆ ಸೇರುತ್ತಿತ್ತು. ಆ ಒಂದು ತೊಟ್ಟಿಯಿಂದ ಇಡೀ ಘಟಕ ಹೆಚ್ಚು ಮಾಲಿನ್ಯದ ಕೆಂಪು ವರ್ಗಕ್ಕೆ ಹೋಗುತ್ತಿತ್ತು: ತ್ಯಾಜ್ಯ ನೀರಿನ ಶುದ್ಧೀಕರಣ, ಅಪಾಯಕಾರಿ ತ್ಯಾಜ್ಯದ ಲೆಕ್ಕ, ಪದೇ ಪದೇ ತಪಾಸಣೆ. ಅದು ನ್ಯಾಯವೇ, ಆ ನೀರು ಅಜ್ಜನ ಹೊಲದ ಕಡೆಗೇ ಇಳಿಯುತ್ತಿತ್ತು. ತೊಟ್ಟಿಯನ್ನು ಅಳಿಸಿದೆ. ಇಂದಿಗೂ ಆ ಕೆಲಸವನ್ನು ಅದಕ್ಕೆಂದೇ ವ್ಯವಸ್ಥೆ ಇರುವ ಘಟಕಕ್ಕೆ ಕಳಿಸುತ್ತೇವೆ.

ವಿದ್ಯುತ್ತಿಗೆ ಎಲ್ಲ ಮೋಟಾರುಗಳ ಫಲಕ ನೋಡಿ ಕೂಡಿಸಿದರೆ 310 ಕಿಲೋವಾಟ್ ಬಂತು. ಅಷ್ಟಕ್ಕೇ ಅರ್ಜಿ ಹಾಕುವವರಿದ್ದೆವು. ಒಪ್ಪಂದ ಮಾಡಿಕೊಂಡ ಬೇಡಿಕೆಯ ಬಹುಪಾಲಿಗೆ, ಬಳಸಿದರೂ ಬಿಟ್ಟರೂ, ಪ್ರತಿ ತಿಂಗಳು ಹಣ ಕಟ್ಟಬೇಕು. ಹಳೆಯ ಶೆಡ್ಡಿನಲ್ಲಿ ಎರಡು ವಾರ ಮೀಟರ್ ಕೂರಿಸಿ ದಾಖಲಿಸಿದಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಪೂರ್ಣ ಭಾರ ಎಳೆಯುವುದೇ ಇಲ್ಲ ಎಂದು ಕಂಡಿತು. 180 ಕೆವಿಎಗೆ (ಕಿಲೋವೋಲ್ಟ್ ಆಂಪಿಯರ್, ವಿದ್ಯುತ್ ಬೇಡಿಕೆಯನ್ನು ಅಳೆಯುವ ಮಾನ) ಅರ್ಜಿ ಹಾಕಿ, ಎರಡನೇ ಟ್ರಾನ್ಸ್‌ಫಾರ್ಮರಿಗೆ ಜಾಗ ಬಿಟ್ಟೆವು.

2018ರ ಏಪ್ರಿಲ್ ಅತ್ಯಂತ ಕಷ್ಟದ ತಿಂಗಳು. ಗುತ್ತಿಗೆದಾರರು ದಿನಾ ಫೋನು ಮಾಡುತ್ತಿದ್ದರು: ಮೃಗಶಿರಾ ಮಳೆಗೆ ಮುಂಚೆ ಪಾಯ ಎದ್ದುಬಿಡಲಿ, ಎರೆಯಲ್ಲಿ ಮಳೆ ಬಿದ್ದರೆ ಗುಂಡಿ ತೋಡಲಾಗದು. ಅವರ ಮಾತು ಸುಳ್ಳಲ್ಲ. ಆದರೆ ಉಕ್ಕಿನ ಕಟ್ಟಡ ಕೊಡುವವರಿಂದ ಪ್ರತಿ ಕಾಲಂ ಪಾಯದ ಮೇಲೆ ಹಾಕುವ ಭಾರ ಎಷ್ಟು, ಬೋಲ್ಟುಗಳು ಎಲ್ಲಿ ಕೂರಬೇಕು ಎಂಬ ಅಂತಿಮ ನಕ್ಷೆ ಬಂದಿರಲಿಲ್ಲ. ಅಂದಾಜಿನ ಭಾರಕ್ಕೆ ಪಾಯ ಹಾಕಿ, ಆಮೇಲೆ ಬೋಲ್ಟು ಹೊಂದದೆ ಕಾಂಕ್ರೀಟು ಒಡೆಸಿದ ಸ್ನೇಹಿತರೊಬ್ಬರ ಶೆಡ್ಡನ್ನು ನಾನು ಕಣ್ಣಾರೆ ನೋಡಿದ್ದೆ. ಒಂದು ಮಳೆಗಾಲ ಕಾಯುವುದೆಂದು ಹೇಳಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬಾಡಿಗೆಯೂ ಬಡ್ಡಿಯೂ ಎರಡೂ ಓಡುತ್ತಿದ್ದವು. ಆ ನಾಲ್ಕು ತಿಂಗಳಲ್ಲಿ ಯಾರ ಕೊಟೇಶನ್ನಿನಲ್ಲೂ ಇರದಿದ್ದ ಕೆಲಸಗಳನ್ನು ಪಟ್ಟಿ ಮಾಡಿದೆವು. ಕಾಂಪೌಂಡು, ಒಳರಸ್ತೆ, ಚರಂಡಿ, ನೆಲದಡಿಯ ನೀರಿನ ತೊಟ್ಟಿ, ಬೆಂಕಿ ನಂದಿಸುವ ಕೊಳವೆ, ಟ್ರಾನ್ಸ್‌ಫಾರ್ಮರ್ ಅಂಗಳ. ಇವನ್ನೆಲ್ಲ ಸೇರಿಸಿದಾಗ, ಎಲ್ಲರೂ ಚದರಡಿಗೆ ಇಷ್ಟು ಎಂದು ಹೇಳುವ ಶೆಡ್ಡಿನ ದರ ಒಟ್ಟು ಖರ್ಚಿನ ಅರ್ಧಕ್ಕಿಂತ ಕಡಿಮೆ ಇತ್ತು. ಏಪ್ರಿಲಿನಲ್ಲಿ ಶುರು ಮಾಡಿದ್ದರೆ ನಮ್ಮ ಹಣ ನಡುದಾರಿಯಲ್ಲಿ ಮುಗಿಯುತ್ತಿತ್ತು.

ತಪ್ಪಿದ್ದೂ ಇದೆ. ಕಡೆದ ಚೂರುಗಳನ್ನು ಎಲ್ಲಿ ಗುಡ್ಡೆ ಹಾಕುವುದು ಎಂದು ರಟ್ಟಿನ ಮೇಲೂ ಸುಣ್ಣದ ಗೆರೆಯಲ್ಲೂ ನಾವು ಯೋಚಿಸಲೇ ಇಲ್ಲ. ಎಣ್ಣೆ ಸೋರುವ ಆ ಚೂರುಗಳನ್ನು ಒಯ್ಯುವ ಲಾರಿ ಇಂದಿಗೂ ಸಿದ್ಧ ಮಾಲು ಹೋಗುವ ಬಾಗಿಲಿನಲ್ಲೇ ಬಂದು ನಿಲ್ಲುತ್ತದೆ, ವಾರಕ್ಕೆರಡು ಸಲ ರವಾನೆಯವರು ಕಾಯುತ್ತಾರೆ. ಈಗ ಸರಿಪಡಿಸಲು ಇರುವ ಜಾಗವೆಂದರೆ ಟ್ರೇಲರ್ ತಿರುಗುವ ಜಾಗ ಮಾತ್ರ.

ದಕ್ಷಿಣದ ತುದಿಯ ಗೋಡೆಯನ್ನು ಉಕ್ಕು ಉಳಿಸುವ ತೆಳುಕಂಬಗಳಿಂದ ಮುಗಿಸದೆ, ಒಳಗಿನ ಚೌಕಟ್ಟುಗಳಷ್ಟೇ ಗಟ್ಟಿಯಾದ ಪೂರ್ಣ ಚೌಕಟ್ಟಿನಿಂದ ಮುಗಿಸಿದ್ದೆವು. ಕ್ರೇನ್ ಹಳಿಯನ್ನು ಮುಂದುವರಿಸಲು ಬೋಲ್ಟಿನ ತೂತುಗಳನ್ನೂ ಬಿಡಿಸಿದ್ದೆ. 2023ರ ಬೇಸಿಗೆಯಲ್ಲಿ ಹೊರಗೆ ಇನ್ನೂ ಮೂರು ಅಂಕಣ ಎದ್ದು ನಿಂತ ಮೇಲೆ ಆ ಗೋಡೆಯ ತಗಡನ್ನು ಬಿಚ್ಚಿದೆವು. ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಹಳಿಯ ತುದಿಯ ತಡೆ ತೆಗೆದು ಹೊಸ ತುಂಡನ್ನು ಜೋಡಿಸಿದರು. ಫೋರ್‌ಮನ್ನರು ಕ್ರೇನನ್ನು ತಾವೇ ನಡೆಸಿಕೊಂಡು ಹಳೆಯ ಅಂಕಣಗಳಿಂದ ಹೊಸ ಅಂಕಣಗಳಿಗೆ ಹೋದರು, ತುದಿ ಮುಟ್ಟಿ, ಮತ್ತೆ ಹಿಂದಕ್ಕೆ ಬಂದರು. ಆ ಹೊತ್ತಿನಲ್ಲೂ ಉತ್ತರದ ಐದು ಲೇತ್‌ಗಳು ಕೆಲಸ ಮಾಡುತ್ತಲೇ ಇದ್ದವು.