ದೊಡ್ಡವರ ಮುಖ ನೋಡದ ಹುಡುಗ

ತೀರ್ಥಹಳ್ಳಿ ಕಡೆ ಮಕ್ಕಳ ಬೆಳವಣಿಗೆ ಪರೀಕ್ಷೆ ಮಾಡುವ ಕೆಲಸ ನನ್ನದು. ಆಟಿಸಂ, ಅಂದರೆ ಬೇರೆಯವರ ಜೊತೆ ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ, ಇದೆಯಾ ಎಂದು ನೋಡಲು ನಾನು ಬಳಸುವುದು ಐಸಾ (ISAA) ಎಂಬ ಭಾರತದ್ದೇ ಮಾಪನ. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ; ತೊಂದರೆ ಹೆಚ್ಚಿದ್ದಷ್ಟೂ ಅಂಕ ಜಾಸ್ತಿ. ಒಟ್ಟು 70 ಮುಟ್ಟಿದರೆ ಆಟಿಸಂ ಅಂತ ಲೆಕ್ಕ. ಕಣ್ಣು ಕೊಟ್ಟು ನೋಡುವುದೂ ಅದರಲ್ಲಿ ಒಂದು.

ಶುರುವಿನಲ್ಲಿ 5 ವರ್ಷದ ಒಬ್ಬ ಹುಡುಗನಿಗೆ ನಾನು ಅಲ್ಲಿ 4 ಹಾಕಿದೆ. ಅರ್ಧ ಗಂಟೆ ಕೂತರೂ ನನ್ನ ಮುಖ ನೋಡಿರಲಿಲ್ಲ. ಅವನ ತಾಯಿ ಮೆಲ್ಲಗೆ ಹೇಳಿದರು: "ಮೇಡಂ, ದೊಡ್ಡವರ ಮುಖ ದಿಟ್ಟಿಸಬಾರದು ಅಂತ ನಾವೇ ಹೇಳಿಕೊಟ್ಟಿದ್ದು."

ಆ ಮಾತು ಮನಸ್ಸಿಂದ ಹೋಗಲಿಲ್ಲ. ಅವರ ಮನೆಗೇ ಹೋದೆ. ಅಡಿಕೆ ಸುಲಿತದ ಸಮಯ. ಜಗುಲಿ ತುಂಬಾ ಹೆಂಗಸರು, ಮೆಟ್ಟುಗತ್ತಿಯ ಸದ್ದು. ಹುಡುಗ ಸಿಪ್ಪೆ ರಾಶಿ ಪಕ್ಕ ಸುಮ್ನೆ ಆಡುತ್ತಿದ್ದ. ಅಂಗಳದಾಚೆ ಅತ್ತಿ ಮರಕ್ಕೆ ಮಂಗಟ್ಟೆ ಹಕ್ಕಿ ಬಂದು ಕೂತಿತು. ಅವನು ಅಜ್ಜಿಯ ಸೆರಗು ಎಳೆದ. ಮರದ ಕಡೆ ಬೆರಳು ಮಾಡಿದ. ಆಮೇಲೆ ತಿರುಗಿ ಅಜ್ಜಿಯ ಮುಖ ನೋಡಿದ, ಅವರಿಗೂ ಕಂಡಿತಾ ಅಂತ. ಬೇಕಾದ್ದನ್ನು ಕೇಳುವುದು ಬೇರೆ, ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸಿ ಖುಷಿಪಡುವುದು ಬೇರೆ. ಆಟಿಸಂ ಇರುವ ಪುಟ್ಟ ಮಕ್ಕಳಲ್ಲಿ ಈ ಎರಡನೆಯದು ಕಡಿಮೆ. ಇವನಿಗೆ ಇದ್ದದ್ದು ಮಾತಿನ ತಡ ಮಾತ್ರ.

ಇನ್ನೊಬ್ಬಳು 6 ವರ್ಷದ ಹುಡುಗಿ. ಬಂದವರ ಕೈ ಹಿಡಿದು "ಊಟ ಆಯ್ತಾ?" ಅನ್ನುತ್ತಿದ್ದಳು. ನಮ್ಮ ಕಡೆ ಅದು ಒಳ್ಳೆ ಗುಣ, ಅಲ್ವಾ? ಊರೆಲ್ಲ ಹೊಗಳಿತು. ಬಸ್ ಸ್ಟ್ಯಾಂಡಿನಲ್ಲಿ ಗುರುತೇ ಇಲ್ಲದವರ ಜೊತೆ ಬಸ್ ಹತ್ತಿಬಿಟ್ಟ ದಿನ ಮನೆಯವರು ಹೆದರಿ ಕರೆತಂದರು. ಜೀನ್ ಪರೀಕ್ಷೆಯಲ್ಲಿ ವಿಲಿಯಮ್ಸ್ ಸಿಂಡ್ರೋಮ್ ಎಂದು ಗೊತ್ತಾಯಿತು. 7ನೇ ಕ್ರೋಮೋಸೋಮಿನ ಒಂದು ಚೂರು ಇಲ್ಲದೆ ಬರುವ ತೊಂದರೆ ಅದು. ಹೃದಯದಿಂದ ಹೊರಡುವ ರಕ್ತನಾಳ ಕಿರಿದಾಗಿರುವುದೂ ಉಂಟು. ಹಾಗಾಗಿ ಬೇಗ ಗೊತ್ತಾಗಬೇಕಿತ್ತು ಅಂತ ನನಗೆ ಇವತ್ತಿಗೂ ಸಂಕಟ.

ವಿಲಿಯಮ್ಸ್ ಇರುವ ಜಪಾನ್, ಅಮೆರಿಕದ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು 2007ರಲ್ಲಿ ಬಂತು. ಎರಡೂ ಕಡೆ ಈ ಮಕ್ಕಳು ತಮ್ಮ ಓರಗೆಯವರಿಗಿಂತ ಜಾಸ್ತಿ ಬೆರೆಯುವವರೇ. ಅದನ್ನು ಓದಿದ ಮೇಲೆ ನಾನೂ ಮಗುವನ್ನು ಅದೇ ಕೇರಿಯ ಮಕ್ಕಳ ಪಕ್ಕದಲ್ಲಿಟ್ಟು ನೋಡತೊಡಗಿದೆ. ಅಂಕ ಹಾಕುವ ಮುಂಚೆ ತಾಯಿ, ಅಜ್ಜಿ ಜೊತೆಗೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳನ್ನೂ ಕೇಳುತ್ತೇನೆ: "ಹಕ್ಕಿ ಕಂಡರೆ ಇವನು ಯಾರನ್ನು ಕರೆಯುತ್ತಾನೆ?"