ಹೊನ್ನಾವರದಲ್ಲಿ ಒಂದು ಬೋಟು ಎರಡಾಗಿತ್ತು

ರಾತ್ರಿ ಹನ್ನೊಂದಕ್ಕೆ ಹೊನ್ನಾವರದ ಲಾಡ್ಜಿನಲ್ಲಿ ಕೂತು, ಆ ದಿನ ವಿಮಾನದಿಂದ ತೆಗೆದ ಚಿತ್ರ ತೆರೆದೆ. ಶರಾವತಿ ಅಳಿವೆಯ ಹೊರಗೆ ಒಂದೇ ಬೋಟು ಎರಡಾಗಿ ನಿಂತಿತ್ತು. ಅದೇ ಉದ್ದ, ಅದೇ ದಿಕ್ಕು, ಹಿಂದೆ ಅದೇ ನೊರೆಯ ಗೆರೆ.

ನಾನು ಅಂಕೋಲಾ ಕಡೆಯವನು. ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ವಿಮಾನದ ಹೊಟ್ಟೆಗೆ ಕಟ್ಟುವ ಕಣ್ಗಾವಲು ಕ್ಯಾಮರಾ ಮಾಡುತ್ತಿದ್ದೆವು. ನೌಕಾಪಡೆಗೆ ತೋರಿಸಬೇಕಾದ ಮಾದರಿ ಅದು. ಅರ್ಗಾದ ನೌಕಾನೆಲೆಯ ಹತ್ತಿರ ಹೋಗದೆ, ಹೊನ್ನಾವರದ ಕಡೆ ಹಾರಲು ಅನುಮತಿ ತಗೊಂಡಿದ್ದೆವು. ಈ ಕೆಲಸದವರೆಲ್ಲ ಹೇಳುವ ಹೆಸರು ಅಮೆರಿಕದ ಆರ್ಗಸ್ ಅನ್ನುವ ಕಣ್ಗಾವಲು ಕ್ಯಾಮರಾದ್ದು. ಮೊಬೈಲ್ ಕ್ಯಾಮರಾಕ್ಕೆ ಹಾಕುವಂಥ 5 ಮೆಗಾಪಿಕ್ಸೆಲ್ ಚಿಪ್‌ಗಳು ಅದರಲ್ಲಿ 368. ಒಟ್ಟು 180 ಕೋಟಿ ಪಿಕ್ಸೆಲ್! ನಮ್ಮದು ಬಡವರ ಆರ್ಗಸ್: ಆರೇ ಕ್ಯಾಮರಾ, ತಲಾ 12 ಮೆಗಾಪಿಕ್ಸೆಲ್, ಸೆಕೆಂಡಿಗೆ ಎರಡು ಫೋಟೊ. ಅಷ್ಟಕ್ಕೇ ಗಂಟೆಗೆ 500 ಜಿಬಿ ತುಂಬುತ್ತಿತ್ತು.

3000 ಮೀಟರ್ ಎತ್ತರದಿಂದ ಒಂದು ಪಿಕ್ಸೆಲ್ ಅಂದರೆ ಕೆಳಗೆ 30 ಸೆಂಟಿಮೀಟರ್. ಮನುಷ್ಯ ಒಂದೆರಡು ಚುಕ್ಕಿ, ಅಷ್ಟೆ. ಮುಖ ಕಾಣ್ತದಾ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಪಕ್ಕದ ಮನೆಯ ಅಜ್ಜನ ಚಿಂತೆ ಮಾತ್ರ ಬೇರೆ: "ಬಂಗಡೆ ಎಲ್ಲದೆ ಅಂತ ಕಾಣ್ತದೇನಾ ತಮಾ?"

ಆರು ಚಿತ್ರ ಸೇರಿಸಿ ಒಂದು ಮಾಡುವುದೇ ಇಲ್ಲಿ ಅಸಲಿ ಕೆಲಸ. ಬಯಲುಸೀಮೆಯ ಮೇಲೆ ಹಾರಿದಾಗ ಎಲ್ಲ ಚೆಂದ ಕೂತಿತ್ತು. ರಸ್ತೆ, ಹೊಲದ ಬದು, ಮನೆ ಮಾಡು, ಹೀಗೆ ಎರಡೂ ಚಿತ್ರದಲ್ಲಿ ಸಿಗುವ ಗುರುತು ಹಿಡಿದು ಸಾಫ್ಟ್‌ವೇರ್ ಎಳೆದು ಹೊಂದಿಸುತ್ತಿತ್ತು. ಸಮುದ್ರದಲ್ಲಿ ಗುರುತು ಎಲ್ಲಿಂದ ತರುವುದು? ಈಗ ಇದ್ದ ತೆರೆ ಇನ್ನೊಂದು ಗಳಿಗೆಗೆ ಇಲ್ಲ. ಮೇಲಿಂದ ಬಿಸಿಲಿನ ಹೊಳಪು ಬೇರೆ. ವಿಮಾನ ಎತ್ತ ವಾಲಿತ್ತು ಅಂತ ಜೈರೋ (ವಾಲುವುದನ್ನು ಅಳೆಯುವ ಉಪಕರಣ) ಹೇಳಿದ್ದನ್ನೇ ನಂಬಬೇಕು.

ಅಲ್ಲೇ ಸಿಕ್ಕಿಬಿದ್ದೆವು. ಕ್ಯಾಮರಾಗಳಿಗೆ ಕಂಪ್ಯೂಟರ್ ಒಂದರ ಹಿಂದೊಂದು ಕ್ಲಿಕ್ ಹೇಳುತ್ತಿತ್ತು. ಪಕ್ಕಪಕ್ಕದ ಎರಡರ ನಡುವೆಯೇ 40 ಮಿಲಿಸೆಕೆಂಡ್ ಅಂತರ. ಏನು ಮಹಾ ಅನಿಸುತ್ತದೆ, ಅಲ್ವಾ? ಅಷ್ಟರಲ್ಲಿ ಬೋಟು ಒಂದು ಗೇಣೂ ಹೋಗುವುದಿಲ್ಲ. ಆದರೆ ಘಟ್ಟದ ಗಾಳಿಗೆ ವಿಮಾನ ಸೆಕೆಂಡಿಗೆ 5 ಡಿಗ್ರಿಯಂತೆ ವಾಲಿದರೆ, ಅಷ್ಟು ಹೊತ್ತಿನಲ್ಲಿ ನೋಟ 0.2 ಡಿಗ್ರಿ ಸರಿಯುತ್ತದೆ. 3000 ಮೀಟರ್ ಕೆಳಗೆ ಅದು 10 ಮೀಟರ್, ಒಂದು ದೋಣಿಯುದ್ದ! ಎರಡು ಚಿತ್ರದ ಅಂಚು ಕೂಡುವ ಜಾಗದಲ್ಲಿದ್ದ ಬೋಟು ಹಾಗಾಗಿ ಎರಡು ಸಲ ಬಿದ್ದಿತ್ತು. ಬಯಲುಸೀಮೆಯಲ್ಲೂ ಈ ತಪ್ಪು ಇತ್ತು. ರಸ್ತೆ, ಮನೆಗಳು ಅದನ್ನು ಮುಚ್ಚಿಹಾಕಿದ್ದವು.

ಆಮೇಲೆ ಜಿಪಿಎಸ್ ಗಡಿಯಾರಕ್ಕೆ ಕಟ್ಟಿದ ಒಂದೇ ತಂತಿಯಿಂದ ಆರಕ್ಕೂ ಒಟ್ಟಿಗೆ ಕ್ಲಿಕ್ ಕೊಟ್ಟೆವು. ವಿಮಾನದ ನೆಲಕ್ಕಿದ್ದ ಜೈರೋ ಕಿತ್ತು, ಕ್ಯಾಮರಾ ಕೂತ ಅಲ್ಯೂಮಿನಿಯಂ ಹಲಗೆಗೇ ಬೋಲ್ಟ್ ಮಾಡಿದೆವು. ಪರೀಕ್ಷೆಗೆ ಬಸವರಾಜದುರ್ಗ ದ್ವೀಪ ಸಿಕ್ಕಿತು. ಕಡಲ ನಡುವೆ ಅಲುಗದೆ ನಿಂತದ್ದು ನಮಗೆ ಅದೊಂದೇ. ನಾಲ್ಕು ದಿಕ್ಕಿನಿಂದ ದಾಟಿದೆವು. ನಾಲ್ಕೂ ಸಲ ಕೋಟೆಗೋಡೆ ಒಂದೇ ಜಾಗಕ್ಕೆ ಬಂದು ಕೂತಿತು, ಎರಡು ಮೀಟರ್ ಆಚೀಚೆ.

ಮರುದಿನ ನಾಲ್ಕನೇ ಕ್ಯಾಮರಾದ ಚಿತ್ರವೆಲ್ಲ ಬೆಳ್ಳಗೆ. ಕರಾವಳಿಯ ಹಸಿಗಾಳಿ ಡಬ್ಬಿಯೊಳಗೆ ಸೇರಿ, ಮೇಲೆ ಹೋದಾಗ ಥಂಡಿಗೆ ಗಾಜಿನ ಮೇಲೆ ಮಂಜು ಕಟ್ಟಿತ್ತು. ಸಿಲಿಕಾ ಜೆಲ್ ಪೊಟ್ಟಣ ಕೇಳಿಕೊಂಡು ಪೇಟೆಯ ಚಪ್ಪಲಿ ಅಂಗಡಿಗಳನ್ನೆಲ್ಲ ಅಲೆದೆ. ಒಬ್ಬರು ಹಿಡಿ ತುಂಬ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ.